ಗುಡ್ಡೆಹೊಸೂರಿನ ಪೇಟೆಂಟು

ದುಬಾರೆಗೆ ಬರುವ ಪ್ರವಾಸಿಗರ ಗದ್ದಲ ಇಳಿಯುವುದೇ ಸೋಮವಾರ ಮಧ್ಯಾಹ್ನ. ನಂಜರಾಯಪಟ್ಟಣದ ಹೋಂಸ್ಟೇ ಅಡುಗೆಮನೆಯಲ್ಲಿ ಶನಿವಾರದಿಂದ ನಿಂತೇ ಇದ್ದ ಪವಿತ್ರಾ, ಗುಡ್ಡೆಹೊಸೂರಿನ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ಪಾದ ಒತ್ತಿಕೊಳ್ಳುತ್ತಿದ್ದಳು. ಮಗಳು ಸಿಂಚನ ಫೋನ್ ಹಿಡಿದುಕೊಂಡು ಒಳಗಿಂದ ಬಂದಳು.

"ಅಮ್ಮಾ, ಪೇಟೆಂಟ್ ಆಫೀಸಿಂದ ಕಾಗದ ಬಂದಿದೆಯಂತೆ. ಮೈಸೂರಿನ ಪ್ರಿಯಾ ಮೇಡಂ ಕಳಿಸಿದಾರೆ."

"ಕೊಟ್ರಂತಾ?"

"ಇಲ್ಲ, ಪರೀಕ್ಷೆ ಮಾಡಿದಾರೆ. ಆಕ್ಷೇಪಣೆ ಇದೆ ಅಂತೆ."

"ಅಪ್ಪನ್ನ ಕರಿ. ನಾನು ಮುಖ ತೊಳ್ಕೊಂಡು ಬರ್ತೀನಿ."

ಮನೆಗೆ ಅಂಟಿಕೊಂಡೇ ಉಮಾಪತಿಯ ವರ್ಕ್‌ಶಾಪು. ಕಿಟಕಿಯ ಗ್ರಿಲ್ಲು, ಎಸ್ಟೇಟುಗಳ ಗೇಟು, ಕಾಫಿ ಕಣದ ಶೀಟಿನ ಮಾಡು, ಇವೇ ಅವನ ಕೆಲಸ. ಪೇಟೆಂಟಿನ ಮಾತು ಶುರುವಾದದ್ದು ಕಾಳನಿಗೆ ಪೆಟ್ಟಾದ ಮೇಲೆ. ಕಾಳ ದುಬಾರೆಯ ಆದಿವಾಸಿ ಹಾಡಿಯವನು, ಕಾಡಿನ ವಾಚರ್, ಉಮಾಪತಿಯ ಶಾಲೆಯ ದಿನಗಳ ಗೆಳೆಯ. ಪೊನ್ನಂಪೇಟೆ ಕಡೆಯ ಎಸ್ಟೇಟಿಗೆ ಹುಲಿ ನುಗ್ಗಿದಾಗ ಅದನ್ನು ಹುಡುಕಲು ಹೋದ ತಂಡದಲ್ಲಿ ಅವನೂ ಇದ್ದ. ಎದೆಯುದ್ದದ ಪಾರದರ್ಶಕ ಪ್ಲಾಸ್ಟಿಕ್ ಶೀಲ್ಡನ್ನು ಮುಖದ ಮುಂದೆ ಹಿಡಿದು ಕಾಫಿ ಗಿಡಗಳ ನಡುವೆ ನಡೆಯುತ್ತಿದ್ದ. ಮಳೆಹನಿಯೂ ಉಸಿರಿನ ಮಬ್ಬೂ ಸೇರಿ ಶೀಲ್ಡಿನ ಆಚೆ ಏನೂ ಕಾಣದಾದಾಗ ಕತ್ತೆತ್ತಿ ಮೇಲಿನಿಂದ ನೋಡಿದ. ಹುಲಿಗೆ ಅಷ್ಟೇ ಸಾಕಾಯಿತು. ಜೀವ ಉಳಿಯಿತು, ಆದರೆ ಎಡಗೈ ಭುಜಕ್ಕಿಂತ ಮೇಲೇಳದಂತಾಯಿತು. ಈಗ ಅವನಿಗೆ ಆನೆ ಕ್ಯಾಂಪಿನ ದೋಣಿಗಳ ಹತ್ತಿರ ಕಾವಲು.

ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡು ಬಂದ ವಾರವೇ ಉಮಾಪತಿ ಕೆಲಸಕ್ಕೆ ಕೂತಿದ್ದ. ಶೀಲ್ಡಿನ ಮೇಲಂಚನ್ನು ಕಚ್ಚಿ ಹಿಡಿಯುವ ಕ್ಲಾಂಪು, ಅದರ ತುದಿಗೆ ಪುಟ್ಟ ಕ್ಯಾಮೆರಾ, ಒಳಬದಿಯಲ್ಲಿ ಫೋನ್ ಕೂರಿಸುವ ತಟ್ಟೆ. ಹಿಂದೆ ನಿಂತವನು ಹೆಬ್ಬೆರಳಿನಿಂದ ನಾಬ್ ತಿರುಗಿಸಿದರೆ ಕ್ಯಾಮೆರಾ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಮುಂದೇನಿದೆ ಎಂದು ಫೋನಿನಲ್ಲೇ ನೋಡಬಹುದು, ತಲೆ ಎತ್ತಬೇಕಾಗಿಲ್ಲ. ಮನೆಯಲ್ಲಿ ಅದಕ್ಕೆ 'ಸ್ಟ್ಯಾಂಡು' ಎಂದೇ ಹೆಸರಾಯಿತು. ಶೀಲ್ಡು, ಹೆಲ್ಮೆಟ್ಟು ಮಾಡುವ ಕಂಪನಿಯೊಂದರವರು ಬಂದು ನೋಡಿ, ಪೇಟೆಂಟ್ ಸಿಕ್ಕಿದರೆ ನಾವೇ ತಗೊಳ್ಳುತ್ತೇವೆ ಎಂದು ಹೇಳಿ ಹೋಗಿದ್ದರು. ಅಂದಿನಿಂದ ಮನೆಯಲ್ಲಿ ಎಲ್ಲ ಕೆಲಸವೂ ಪೇಟೆಂಟ್ ಬಂದ ಮೇಲೆ ಎಂದಾಗಿತ್ತು. ಅಡುಗೆಮನೆಯ ಸೋರುವ ಹೆಂಚು, ಸಿಂಚನಳ ಹಲ್ಲಿಗೆ ಹಾಕಿಸಬೇಕಾದ ಕ್ಲಿಪ್ಪು, ಪವಿತ್ರಾ ಹೋಂಸ್ಟೇ ಕೆಲಸ ಬಿಡುವುದು, ಎಲ್ಲವೂ.

ಉಮಾಪತಿ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವನ ಅಪ್ಪ ಶಿವಶಂಕರಪ್ಪ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ತರಕಾರಿ ಹೆಚ್ಚುವುದು ಅವರ ಪಾಲಿನ ಕೆಲಸವಾಗಿತ್ತು.

ಕುಶಾಲನಗರದಲ್ಲಿ ಡಿಪ್ಲೊಮಾ ಓದುತ್ತಿದ್ದ ಸಿಂಚನ ಇಂಗ್ಲಿಷಿನ ವರದಿಯನ್ನು ಕನ್ನಡ ಮಾಡಿ ಹೇಳತೊಡಗಿದಳು. "ಮೊದಲನೇದು, ಹೊರದೇಶದಲ್ಲಿ ಯಾರೋ ಶೀಲ್ಡಿಗೆ ಕ್ಯಾಮೆರಾ ಕೂರಿಸಿದಾರಂತೆ. ಆದ್ರೆ ಅದು ಬೋಲ್ಟ್ ಹಾಕಿರೋದು, ತಿರುಗಲ್ಲ. ಅದಕ್ಕೆ ಉತ್ತರ ಕೊಡಬಹುದು ಅಂತ ಮೇಡಂ ಬರೆದಿದಾರೆ. ಎರಡನೇದು..." ಅಷ್ಟಕ್ಕೆ ನಿಲ್ಲಿಸಿದಳು.

"ಎರಡನೇದೇನು?"

"ಯೂಟ್ಯೂಬಲ್ಲಿ ಒಂದು ವಿಡಿಯೋ. ನಾವು ಅರ್ಜಿ ಹಾಕೋ ಮುಂಚಿನ ತಿಂಗಳು ಹಾಕಿದ್ದು. ಕ್ಲಾಂಪು, ನಾಬು, ಫೋನಿನ ತಟ್ಟೆ ಎಲ್ಲಾ ಅದರಲ್ಲಿ ಸ್ಪಷ್ಟವಾಗಿದೆ. ಒಂದ್ಸಲ ಎಲ್ಲರಿಗೂ ತೋರಿಸಿಬಿಟ್ಟ ಮೇಲೆ ಅದು ಹೊಸದಲ್ಲ ಅಂತಾರೆ."

"ಯಾವನು ಹಾಕಿದ್ದು?"

ಸಿಂಚನ ತಾತನ ಕಡೆ ನೋಡಿದಳು. ಶಿವಶಂಕರಪ್ಪ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟರು.

"ನಾವೇ ಅಲ್ವಾ?" ಎಂದರು. "ನಾನು ಮಾತಾಡಿದ್ದು, ಇವಳು ತೆಗೆದಿದ್ದು. ನನ್ನ ಹೆಸರಲ್ಲೇ ಚಾನೆಲ್ ಮಾಡಿಕೊಟ್ಟಿದ್ಲು."

ಉಮಾಪತಿಯ ದನಿ ರಸ್ತೆಗೆ ಕೇಳುವಷ್ಟಾಯಿತು. "ಯಾರನ್ನ ಕೇಳಿ ಹಾಕಿದ್ರಿ ಅಪ್ಪಾಜಿ? ಎರಡು ವರ್ಷ ನಾನು ಕತ್ತೆ ಥರ ದುಡಿದಿದ್ದು ನಿಮ್ಮ ಷೋಕಿಗಾ?"

"ಷೋಕಿ ಅಲ್ಲ ಕಣೋ. ನನ್ನ ಮಗ ಏನ್ ಮಾಡಿದಾನೆ ಅಂತ ನಾಲ್ಕು ಜನ ನೋಡ್ಲಿ ಅಂತ."

"ನೋಡಿದ್ರಲ್ಲ! ಚೆನ್ನೈನ ಪೇಟೆಂಟ್ ಆಫೀಸಿನವರೂ ನೋಡಿದ್ರು."

"ರೀ, ಮೆಲ್ಲಗೆ," ಎಂದಳು ಪವಿತ್ರಾ.

"ಏನು ಮೆಲ್ಲಗೆ? ನೀನು ಕೆಲಸ ಬಿಡ್ಬೇಕು ಅಂತಿದ್ಯಲ್ಲ, ಈಗ ಬಿಡು ನೋಡೋಣ." ಉಮಾಪತಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಗ್ರೈಂಡರ್ ಕಿರುಚತೊಡಗಿತು. ಅಂದು ಮಾಡಲೇಬೇಕಾದ ಯಾವ ಕೆಲಸವೂ ಇಲ್ಲವೆಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಅಂದಿನಿಂದ ಶಿವಶಂಕರಪ್ಪ ಮಗನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಕತ್ತಲಾಗುವ ಮೊದಲೇ ಬಂದು, "ಏನಾಗಿದೆಯೋ ಅದನ್ನೇ ಹಾಕಮ್ಮ," ಎಂದು ತಟ್ಟೆ ಹಿಡಿಯುತ್ತಿದ್ದರು. ಪಲ್ಯ ಆಗಿರದಿದ್ದರೆ ಮಜ್ಜಿಗೆ ಅನ್ನ ಉಂಡು ಎದ್ದು ಹೋಗುತ್ತಿದ್ದರು. ಉಮಾಪತಿ ತಡವಾಗಿ ಬರುತ್ತಿದ್ದ. ಪವಿತ್ರಾ ಎರಡು ಸಲ ಬಡಿಸುತ್ತಿದ್ದಳು, ಎರಡು ಸಲ ಒರೆಸುತ್ತಿದ್ದಳು. ಶನಿವಾರ, ಭಾನುವಾರ ಹೋಂಸ್ಟೇಯಲ್ಲಿ ರೊಟ್ಟಿ, ಕಡುಬು, ಪಲ್ಯ ಅವಳ ಪಾಲಿನದು. ಮಾಂಸದ ಅಡುಗೆ ಇನ್ನೊಬ್ಬಳದು. ಅಲ್ಲಾದರೆ ಉಂಡವರು 'ಚೆನ್ನಾಗಿದೆ' ಎಂದು ಹೇಳಿ ಹೋಗುತ್ತಿದ್ದರು. ಇಲ್ಲಿ ಇಬ್ಬರೂ ಉಪ್ಪು ಕಡಿಮೆಯಾದರೂ ಕೇಳದೆ ಉಣ್ಣುತ್ತಿದ್ದರು.

"ತಾತನ್ನ ಮಾತಾಡಿಸಿ ಅಪ್ಪಾ," ಎಂದು ಸಿಂಚನ ಒಂದು ದಿನ ಹೇಳಿದಳು. "ನಾನೂ ಅಷ್ಟೇ ತಪ್ಪು ಮಾಡಿದೀನಿ. ನನ್ನ ಜೊತೆ ಮಾತಾಡ್ತೀರಲ್ಲ."

"ನಿನಗೆ ಗೊತ್ತಾಗಲ್ಲ."

"ಅವರಿಗೆ ಗೊತ್ತಾಗುತ್ತಾ? ಪೇಟೆಂಟಿಗೆ ಮುಂಚೆ ತೋರಿಸಬಾರದು ಅಂತ ನಿಮಗೆ ಗೊತ್ತಿತ್ತಾ?"

ಉಮಾಪತಿಗೂ ಗೊತ್ತಿರಲಿಲ್ಲ.

ಮುಂದಿನ ವಾರ ಅಪ್ಪ, ಮಗಳು ಇಬ್ಬರೂ ಬಸ್ಸಿನಲ್ಲಿ ಮೈಸೂರಿಗೆ ಹೋದರು. ಪೇಟೆಂಟ್ ಏಜೆಂಟ್ ಪ್ರಿಯಾ ವಯಸ್ಸಿನಲ್ಲಿ ಸಣ್ಣವಳು. ಯಾರನ್ನೂ ಹೆದರಿಸುವವಳಲ್ಲ, ಸುಳ್ಳು ಸಮಾಧಾನ ಹೇಳುವವಳೂ ಅಲ್ಲ.

"ಪರೀಕ್ಷಕರು ಹೇಳಿದ್ದು ಸರಿಯಾಗೇ ಇದೆ ಉಮಾಪತಿಯವರೇ," ಎಂದಳು. "ವಿಡಿಯೋದಲ್ಲಿ ಇರೋದನ್ನ ನಿಮ್ಮದು ಅಂತ ಕೇಳೋಕಾಗಲ್ಲ. ಒಂದೇ ಒಂದು ದಾರಿ ಇದೆ. ನಿಮ್ಮ ಒಪ್ಪಿಗೆ ಇಲ್ಲದೆ ಬೇರೆ ಯಾರೋ ಅದನ್ನ ಬಹಿರಂಗ ಮಾಡಿದ್ರೆ ಕಾನೂನು ನಿಮ್ಮ ಕಡೆ ನಿಲ್ಲಬಹುದು. ಅದನ್ನ ಪ್ರಮಾಣ ಮಾಡಿ ಹೇಳ್ಬೇಕು, ನೀವೂ, ಹಾಕಿದವರೂ. ವಿಡಿಯೋ ಹಾಕಿದ್ದು ನಿಮ್ಮ ಒಪ್ಪಿಗೆ ಇಲ್ಲದೇನಾ?"

"ಇಲ್ಲದೇನೇ," ಎಂದ ಉಮಾಪತಿ ತಕ್ಷಣ. "ನನ್ನ ಕೇಳಲೇ ಇಲ್ಲ."

ಸಿಂಚನ ಅಪ್ಪನ ಮುಖ ನೋಡಿದಳು. ವಾಪಸು ಬರುವಾಗ ಬಸ್ಸು ಪಿರಿಯಾಪಟ್ಟಣ ದಾಟಿದ ಮೇಲೆ ಇಯರ್‌ಫೋನಿನ ಒಂದು ತುದಿಯನ್ನು ಅವನ ಕಿವಿಗೆ ಕೊಟ್ಟು ವಿಡಿಯೋ ಹಾಕಿದಳು. ವರ್ಕ್‌ಶಾಪಿನ ಮುಂದೆ ಶಿವಶಂಕರಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಬಸ್ಸಿನಲ್ಲಿ ಸ್ಟಾಪಿನ ಹೆಸರು ಕೂಗುವ ದನಿಯಲ್ಲೇ ಪ್ರತಿಯೊಂದು ಭಾಗವನ್ನೂ ವಿವರಿಸುತ್ತಿದ್ದರು. ನಾಬ್ ತಿರುಗಿಸುತ್ತಿದ್ದ ಕೈ ಉಮಾಪತಿಯದು. ಕೊನೆಯಲ್ಲಿ ಅವರು ಕ್ಯಾಮೆರಾದ ಆಚೆ ನೋಡಿ, "ಹಾಕ್ಲೇನೋ ಇದನ್ನ?" ಎಂದು ಕೇಳಿದರು. "ಹಾಕಿ ಹಾಕಿ, ಜನ ನೋಡ್ಲಿ," ಎಂದು ಉಮಾಪತಿಯ ದನಿ. ಜೊತೆಗೆ ಅವನ ನಗು.

ಉಮಾಪತಿ ಇಯರ್‌ಫೋನ್ ತೆಗೆದು ಕಿಟಕಿಯ ಹೊರಗೆ ನೋಡುತ್ತಾ ಕೂತ. ಕೊಪ್ಪದ ಹತ್ತಿರ ಬಂದಾಗ ಕೇಳಿದ, "ಆ ಕೊನೆ ತುಂಡು ಕತ್ತರಿಸೋಕಾಗುತ್ತಾ?"

"ಆಗುತ್ತೆ. ನಾನು ಕತ್ತರಿಸಲ್ಲ."

"ನಿನ್ನ ಭವಿಷ್ಯಕ್ಕೇ ಕಣೇ ನಾನು..."

"ನನ್ನ ಹೆಸರು ಇದಕ್ಕೆ ತರಬೇಡಿ ಅಪ್ಪಾ," ಎಂದು ಸಿಂಚನ ಕಣ್ಣು ಮುಚ್ಚಿ ಸೀಟಿಗೆ ಒರಗಿದಳು.

ಮನೆಯಲ್ಲಿ ಸಿಂಚನ ಎಲ್ಲವನ್ನೂ ಎಲ್ಲರೆದುರೇ ಹೇಳಿಬಿಟ್ಟಳು, ಬಸ್ಸಿನಲ್ಲಿ ಕೇಳಿಸಿದ್ದನ್ನೂ ಬಿಡದೆ. ಪವಿತ್ರಾ ಮುದ್ದೆ ತೊಳಸುತ್ತಿದ್ದಳು. ಶಿವಶಂಕರಪ್ಪ ಆಗಷ್ಟೇ ಉಂಡು ಕೈ ತೊಳೆದಿದ್ದರು.

"ಇಷ್ಟೇನಾ?" ಎಂದರು ಅವರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತು. "ನಾನು ಬರೆದುಕೊಡ್ತೀನಿ. ಮಗನಿಗೆ ಗೊತ್ತಿಲ್ದೆ ವರ್ಕ್‌ಶಾಪಿಂದ ಎತ್ಕೊಂಡು ಬಂದು ವಿಡಿಯೋ ಮಾಡಿದೆ ಅಂತ. ಕಳ್ಳತನ ಅಂತ ಬೇಕಾದ್ರೂ ಬರೀಲಿ. ನನಗೇನು ಹೋಗೋದು, ಈ ವಯಸ್ಸಲ್ಲಿ?"

"ಮಾವ, ಅದೇನು ಮಾತು?" ಪವಿತ್ರಾ ಕೋಲು ಪಾತ್ರೆಯಲ್ಲೇ ಬಿಟ್ಟು ತಿರುಗಿದಳು.

"ಸುಮ್ನಿರಮ್ಮ. ತಪ್ಪು ನನ್ನದೇ ಅಲ್ವಾ?"

"ವಿಡಿಯೋದಲ್ಲಿ ನಿಮ್ಮ ಮಗನ ದನಿ ಇದೆ."

"ಯಾರ ದನಿ ಅಂತ ಯಾರಿಗೆ ಗೊತ್ತು? ವರ್ಕ್‌ಶಾಪಿಗೆ ಹತ್ತು ಜನ ಬರ್ತಾರೆ."

ಎಲ್ಲರೂ ಉಮಾಪತಿಯನ್ನು ನೋಡಿದರು. ಅವನು ಬೇಡ ಎನ್ನಲಿಲ್ಲ. "ಮುದ್ದೆ ತಳ ಹಿಡೀತಿದೆ," ಎಂದಷ್ಟೇ ಹೇಳಿದ. ಪವಿತ್ರಾ ಒಲೆ ಆರಿಸಿದಳು. "ಸೀದು ಹೋಗ್ಲಿ," ಎಂದು ಹೇಳಿ ಕೋಣೆಗೆ ಹೋಗಿ ಮಲಗಿಬಿಟ್ಟಳು. ಅಂದು ಸಿಂಚನ ಮತ್ತು ಉಮಾಪತಿ ಸೀದ ಮುದ್ದೆಯನ್ನೇ ಸಾರಿಗೆ ಅದ್ದಿ ನುಂಗಿದರು.

ಕಾಳ ಬಂದದ್ದು ಅದೇ ವಾರ. ಕ್ಯಾಂಪಿಗೆ ಕಬ್ಬಿಣದ ಸರಪಳಿಯ ಕೊಂಡಿ ಬೆಸುಗೆ ಹಾಕಿಸಲು ಬಂದವನು ಸ್ಟೂಲಿನ ಮೇಲೆ ಕೂತು ಚಹಾ ಕುಡಿದ.

"ಸ್ಟ್ಯಾಂಡ್ ಏನಾಯ್ತಣ್ಣ? ತಂಡದವರು ಕೇಳ್ತಾ ಇದ್ದಾರೆ. ಹೋದ ವಾರ ತಿತಿಮತಿ ಹತ್ತಿರ ಹುಲಿ ಹೆಜ್ಜೆ ಕಂಡದೆ."

"ಅಪ್ಪಾಜಿ ವಿಡಿಯೋ ಹಾಕಿ ಎಲ್ಲಾ ಹಾಳು ಮಾಡಿದ್ರು."

"ಯಾವ ವಿಡಿಯೋ? ಇಲ್ಲಿ ತೆಗೆದದ್ದಾ?" ಕಾಳ ನಕ್ಕ. "ನಾನೂ ಇದ್ದೆನಲ್ಲ ಆ ದಿನ. ನೀವೇ ಅಲ್ವಾ ಅಪ್ಪಾಜಿಗೆ ಅಂಗಿ ಬದಲಾಯಿಸಿ ಬನ್ನಿ ಅಂತ ಕಳಿಸಿದ್ದು?"

ಉಮಾಪತಿ ಬೆಸುಗೆಯ ಮುಖವಾಡ ಎಳೆದುಕೊಂಡ.

ಪ್ರಿಯಾ ಪೇಟೆಂಟ್ ಆಫೀಸಿಗೆ ಉತ್ತರ ಕಳಿಸಬೇಕಾದ ಗಡುವು ಹತ್ತಿರವಾಗುತ್ತಿತ್ತು. ಅವಳು ಫೋನ್ ಮಾಡಿ ಇನ್ನೊಂದು ಪ್ರಶ್ನೆ ಕೇಳಿದಳು. ವಿಡಿಯೋ ತೆಗೆದ ಮೇಲೆ, ಅರ್ಜಿ ಹಾಕುವ ಮೊದಲು, ಸ್ಟ್ಯಾಂಡಿಗೆ ಏನಾದರೂ ಹೊಸದಾಗಿ ಸೇರಿಸಿದ್ದು ಉಂಟೇ? ಅದು ವಿಡಿಯೋದಲ್ಲಿ ಇರದಿದ್ದರೆ ಅಷ್ಟನ್ನಾದರೂ ಕೇಳಬಹುದು. ಫೋನು ಸ್ಪೀಕರಿನಲ್ಲಿತ್ತು. ಪವಿತ್ರಾ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು.

"ದೊಡ್ಡದೇನಿಲ್ಲ ಮೇಡಂ," ಎಂದ ಉಮಾಪತಿ. "ಶೀಲ್ಡು ಗಿಡಕ್ಕೆ ತಾಗಿದ್ರೆ ಚಿತ್ರ ಕುಣೀತಿತ್ತು. ತಿರುಗೋ ಕೀಲಿಗೆ ರಬ್ಬರ್ ಕೂರಿಸಿದ್ವಿ. ಅರ್ಜಿ ಜೊತೆ ಕೊಟ್ಟ ಚಿತ್ರದಲ್ಲಿ ಅದಿದೆ."

"ಮೊದಲು ಸೈಕಲ್ ಟ್ಯೂಬ್ ಹಾಕಿದ್ರಿ, ಮಳೇಲಿ ಜಾರ್ತು," ಎಂದಳು ಪವಿತ್ರಾ ತಲೆ ಎತ್ತದೆ. "ಆಮೇಲೆ ನನ್ನ ಕುಕ್ಕರಿನ ಗ್ಯಾಸ್ಕೆಟ್ ಕೊಟ್ಟೆ. ಮುಚ್ಚಳದಲ್ಲಿರೋ ಹಾಗೆ ಸುತ್ತ ಕಾಲುವೆ ತೋಡಿ ಅದರೊಳಗೆ ಕೂರಿಸಿ ಅಂದೆ."

ಆ ಕಡೆಯಿಂದ ಪ್ರಿಯಾ, "ಇದನ್ನ ಹೇಳಿದ್ದು ಯಾರು?" ಎಂದಳು.

"ನನ್ನ ಹೆಂಡತಿ," ಎಂದ ಉಮಾಪತಿ.

"ಕಾಲುವೆ ಮಾಡೋ ಯೋಚನೆ ಅವರದೇ ಆದ್ರೆ ಸಂಶೋಧಕರಾಗಿ ಅವರ ಹೆಸರೂ ಇರಬೇಕು. ಮೊದಲೇ ಯಾಕೆ ಹೇಳ್ಲಿಲ್ಲ?"

ಕುಕ್ಕರಿನ ಗ್ಯಾಸ್ಕೆಟ್ಟು ಹೇಳುವಂಥ ವಿಷಯವೆಂದು ಉಮಾಪತಿಗೆ ಅನ್ನಿಸಿಯೇ ಇರಲಿಲ್ಲ. ಪವಿತ್ರಾಳಿಗೂ ಅನ್ನಿಸಿರಲಿಲ್ಲ. ಅವಳು ಮೊರದಿಂದ ಒಂದು ಕಲ್ಲು ತೆಗೆದು ಕಿಟಕಿಯಾಚೆ ಎಸೆದಳು.

"ಆದ್ರೆ ಇದು ಚಿಕ್ಕ ಭಾಗ," ಎಂದು ಪ್ರಿಯಾ ಮುಂದುವರಿಸಿದಳು. "ಇದಕ್ಕೆ ಮಾತ್ರ ಪೇಟೆಂಟ್ ಸಿಕ್ಕಿದ್ರೆ ಉಳಿದದ್ದನ್ನ ಯಾರು ಬೇಕಾದ್ರೂ ಮಾಡ್ಕೊಬಹುದು. ಒಪ್ಪಿಗೆ ವಿಷಯದಲ್ಲಿ ಪ್ರಮಾಣಪತ್ರ ಕೊಡೋ ಹಾಗಿದ್ರೆ ಸೋಮವಾರದೊಳಗೆ ಹೇಳಿ."

ಶನಿವಾರ ಬೆಳಿಗ್ಗೆ ಶಿವಶಂಕರಪ್ಪ ಯಾರಿಗೂ ಹೇಳದೆ ಕುಶಾಲನಗರಕ್ಕೆ ಹೋದರು. ಮಧ್ಯಾಹ್ನ ನೋಟರಿಯ ಮುದ್ರೆಯಿದ್ದ ಕಾಗದ ಹಿಡಿದುಕೊಂಡು ಬಂದು ಮಗನ ಎದುರಿನ ಕುರ್ಚಿಯಲ್ಲೇ ಊಟಕ್ಕೆ ಕೂತರು. ಪವಿತ್ರಾ ಹೋಂಸ್ಟೇಯಲ್ಲಿದ್ದಳು. ಸಿಂಚನ ಬಡಿಸಿದಳು.

"ತಗೋ, ಆಯ್ತು," ಎಂದು ಕಾಗದವನ್ನು ಮಗನ ಕಡೆ ಸರಿಸಿದರು. "ಕನ್ನಡದಲ್ಲೂ ಇದೆ, ಇಂಗ್ಲಿಷಲ್ಲೂ ಇದೆ. ಟೈಪ್ ಮಾಡೋನು ನಮ್ಮ ಬಸ್ಸಲ್ಲಿ ಕಾಲೇಜಿಗೆ ಬರ್ತಿದ್ದ ಹುಡುಗ. ಏನ್ ಯಜಮಾನ್ರೇ, ಮಗನ ಸಾಮಾನು ಕದ್ರಾ ಅಂತ ನಕ್ಕ. ನಾನೂ ನಕ್ಕೆ. ಹೌದಪ್ಪ, ಕದ್ದೆ ಅಂದೆ. ಅಲ್ಲಿದ್ದೋರೆಲ್ಲಾ ನಕ್ರು."

ಅನ್ನ ಕಲಸಿದರು. ತುತ್ತು ಬಾಯಿಯ ಹತ್ತಿರ ತಂದು ನಿಲ್ಲಿಸಿದರು.

"ಸರ್ವಿಸಲ್ಲಿದ್ದಷ್ಟು ದಿನ ಎಷ್ಟು ಚೆಕಿಂಗ್ ಹತ್ತಿತು ಬಸ್ಸಿಗೆ. ಒಂದು ಟಿಕೆಟ್ ಕಮ್ಮಿ ಅಂತ ಯಾವನೂ ನನ್ನ ಮುಂದೆ ಬೆರಳು ತೋರಿಸಿಲ್ಲ," ಎಂದರು. "ಇರ್ಲಿ. ಅದೆಲ್ಲಾ ಮುಗೀತಲ್ಲ ಈಗ." ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದರು. ನೀರಿನ ಲೋಟ ಹಿಡಿದುಕೊಂಡರು.

ಸಿಂಚನ ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದಳು. ಉಮಾಪತಿ ಕಾಗದ ಓದಿದ. 'ನನ್ನ ಮಗನ ಅರಿವಿಗೆ ಬಾರದಂತೆ, ಅವನ ಇಚ್ಛೆಗೆ ವಿರುದ್ಧವಾಗಿ' ಎಂಬ ಸಾಲಿನ ಕೆಳಗೆ ಅಪ್ಪನ ಸಹಿ. ಟಿಕೆಟ್ ಬರೆದು ಬರೆದು ಅಭ್ಯಾಸವಾದ ಓರೆ ಅಕ್ಷರ. ಅವನು ಎದ್ದು ಹೊರಗೆ ಹೋಗಿ ಪ್ರಿಯಾಗೆ ಫೋನ್ ಮಾಡಿದ. ಒಳಗಿನವರಿಗೆ ಅವನ ಮಾತು ಕೇಳುತ್ತಿತ್ತು.

"ಮೇಡಂ, ನಾನು ಅವತ್ತು ಸುಳ್ಳು ಹೇಳಿದ್ದೆ. ಹಾಕಿ ಅಂದಿದ್ದು ನಾನೇ. ...ಇಲ್ಲ, ಪ್ರಮಾಣಪತ್ರ ಬೇಡ. ...ಗೊತ್ತು ಮೇಡಂ. ಗ್ಯಾಸ್ಕೆಟ್ಟಿಗೆ ಮಾತ್ರ ಕೇಳಿ. ಅವಳ ಹೆಸರು ಸೇರಿಸಿ."

ಅವನು ಒಳಗೆ ಬಂದಾಗ ಶಿವಶಂಕರಪ್ಪ ಎದ್ದು ನಿಂತಿದ್ದರು. ಮುಖ ಕೆಂಪಾಗಿತ್ತು.

"ಏನ್ ಮಾಡ್ದೆ ನೀನು? ನಾನು ನಾಲ್ಕು ಜನರ ಮುಂದೆ ಕಳ್ಳ ಅನ್ನಿಸ್ಕೊಂಡು ಬಂದಿದ್ದು ಯಾತಕ್ಕೆ?"

"ಬೇಡ ಅಪ್ಪಾಜಿ, ಬಿಡಿ."

"ಬೇಡ ಅನ್ನೋದಿದ್ರೆ ಮೊದಲೇ ಅನ್ಬೇಕಿತ್ತು! ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆಯಲ್ಲ? ನಾನು ಬರೆಸ್ಕೊಂಡು ಬರ್ಲಿ ಅಂತಾನೇ ಕಾಯ್ತಿದ್ಯಾ?"

ಉಮಾಪತಿ ತಲೆ ತಗ್ಗಿಸಿದ. "ಹೌದು," ಎಂದ. "ಕಾಯ್ತಿದ್ದೆ."

ಶಿವಶಂಕರಪ್ಪ ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಜಗಲಿಗೆ ಹೋಗಿ ಕೂತರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಸಂಜೆ ದಣಿದು ಬಂದ ಪವಿತ್ರಾ ಎಲ್ಲವನ್ನೂ ಸಿಂಚನಳಿಂದ ಕೇಳಿದಳು. ಕೈ ತೊಳೆದು ರೊಟ್ಟಿ ತಟ್ಟಿದಳು. ಮಾವ ಎಂದಿನಂತೆ ಮೊದಲೇ ಬಂದು ತಟ್ಟೆ ಹಿಡಿದಾಗ, "ಕೂತಿರಿ ಮಾವ, ಅವರೂ ಬರ್ಲಿ," ಎಂದಳು.

"ನನಗೆ ಹಸಿವಿದೆ ಕಣಮ್ಮ."

"ನನಗೂ ಹಸಿವಿದೆ. ಬೆಳಿಗ್ಗೆಯಿಂದ ಊರವರಿಗೆಲ್ಲಾ ಬಡಿಸಿ ಬಂದಿದೀನಿ. ಇನ್ಮೇಲೆ ಈ ಮನೇಲಿ ಎರಡು ಪಂಕ್ತಿ ಇಲ್ಲ. ಬೇಕಾದ್ರೆ ಬೆನ್ನು ತಿರುಗಿಸ್ಕೊಂಡು ಉಣ್ಣಿ."

ಅವರು ಕೂತರು. ಉಮಾಪತಿಯೂ ಬಂದು ಕೂತ. ಬೆನ್ನು ಯಾರೂ ತಿರುಗಿಸಲಿಲ್ಲ. ಕೊನೆಗೆ ಶಿವಶಂಕರಪ್ಪ, "ಚಟ್ನಿಗೆ ಉಪ್ಪು ಸಾಲದು," ಎಂದರು. ಪವಿತ್ರಾ ಉಪ್ಪಿನ ಡಬ್ಬಿಯನ್ನೇ ಅವರ ಮುಂದಿಟ್ಟಳು.

ವಿಚಾರಣೆ ನಡೆದದ್ದು ಮಳೆಗಾಲ ಮುಗಿಯುತ್ತಿದ್ದಾಗ, ವಿಡಿಯೋ ಕರೆಯಲ್ಲಿ. ಚೆನ್ನೈನಿಂದ ಅಧಿಕಾರಿ, ಮೈಸೂರಿನಿಂದ ಪ್ರಿಯಾ, ಗುಡ್ಡೆಹೊಸೂರಿನ ವರ್ಕ್‌ಶಾಪಿನಿಂದ ಇವರು. ಕರೆಂಟು ಹೋದರೆ ಇರಲಿ ಎಂದು ಉಮಾಪತಿ ಜನರೇಟರ್ ತಂದಿಟ್ಟಿದ್ದ. ಅಧಿಕಾರಿ ಕನ್ನಡಕದ ಸೌಮ್ಯ ಮನುಷ್ಯ. ಇಂಗ್ಲಿಷಿನಲ್ಲಿ ಅವರು ಕೇಳಿದ್ದನ್ನು ಪ್ರಿಯಾ ಕನ್ನಡದಲ್ಲಿ ಹೇಳುತ್ತಿದ್ದಳು.

"ಅಲುಗಾಟ ತಡೆಯೋಕೆ ರಬ್ಬರ್ ಹಾಕೋದು ಎಲ್ಲರಿಗೂ ಗೊತ್ತಿರೋದೇ ಅಲ್ವಾ, ಇದರಲ್ಲೇನು ಹೊಸದು ಅಂತ ಕೇಳ್ತಿದಾರೆ."

ಉಮಾಪತಿ ಪವಿತ್ರಾಳ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡು ಲ್ಯಾಪ್‌ಟಾಪಿನ ಹತ್ತಿರ ಬಂದಳು. "ಬರೀ ರಬ್ಬರ್ ಹಾಕಿದ್ರೆ ಕ್ಯಾಮೆರಾ ತಿರುಗಿಸುವಾಗ ಜಾರಿ ಹೊರಗೆ ಬರುತ್ತೆ. ಬಿಗಿಯಾಗಿ ಹಾಕಿದ್ರೆ ತಿರುಗೋದೇ ಇಲ್ಲ. ಕಾಲುವೆ ಒಳಗೆ ಕೂತ್ರೆ ಎರಡೂ ಆಗುತ್ತೆ ಸಾರ್. ತಿರುಗುತ್ತೆ, ಕುಣಿಯಲ್ಲ."

ಪ್ರಿಯಾ ಅದನ್ನು ಹೇಳಿದಳು. ಅಧಿಕಾರಿ ಏನೋ ಬರೆದುಕೊಂಡು, ಪೆಟ್ಟು ಬಿದ್ದಾಗ ಏನಾಗುತ್ತದೆಂದು ತೋರಿಸಬಹುದೇ ಎಂದು ಕೇಳಿದರು. ಚಿತ್ರ ಅಧಿಕಾರಿಗೆ ಕಾಣುವಂತೆ ಉಮಾಪತಿ ಫೋನ್ ಹಿಡಿಯಬೇಕಿತ್ತು, ಪವಿತ್ರಾ ನಾಬ್ ತಿರುಗಿಸಬೇಕಿತ್ತು, ಸಿಂಚನ ಲ್ಯಾಪ್‌ಟಾಪ್ ತಿರುಗಿಸಬೇಕಿತ್ತು. ಶೀಲ್ಡ್ ಹಿಡಿಯಲು ಯಾರೂ ಇರಲಿಲ್ಲ.

ಬಾಗಿಲ ಹೊರಗೆ ನಿಂತಿದ್ದ ಶಿವಶಂಕರಪ್ಪ ಒಳಗೆ ಬಂದು ಶೀಲ್ಡನ್ನು ಎತ್ತಿ ಎದೆಗೆ ಹಿಡಿದರು. "ಹೊಡಿ," ಎಂದರು ಮಗನಿಗೆ.

ಮೊದಲು ಗ್ಯಾಸ್ಕೆಟ್ ಇಲ್ಲದೆ ತೋರಿಸಿದರು. ಉಮಾಪತಿ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ. "ಹಿಂಗ್ ಹೊಡೆದ್ರೆ ಹುಲಿ ಅಂತ ಯಾರು ನಂಬ್ತಾರೆ? ಜೋರಾಗಿ ಹೊಡಿ," ಎಂದರು ಅಪ್ಪ. ಅವನು ಜೋರಾಗಿ ಹೊಡೆದ. ಅವರು ಒಂದು ಹೆಜ್ಜೆ ಹಿಂದೆ ಹೋದರು. ಫೋನಿನ ಚಿತ್ರ ಪೂರಾ ಕಲಸಿಹೋಯಿತು. ಆಮೇಲೆ ಗ್ಯಾಸ್ಕೆಟ್ ಕೂರಿಸಿ ಮತ್ತೆ ಹೊಡೆದ. ಚಿತ್ರದಲ್ಲಿ ರಸ್ತೆಯಾಚೆಯ ಅಂಗಡಿಯ ಬೋರ್ಡು ಸ್ವಲ್ಪವೇ ತೂಗಿ ನಿಂತಿತು. ಪವಿತ್ರಾ ನಾಬ್ ತಿರುಗಿಸಿದಳು, ಚಿತ್ರ ಬಸ್ ನಿಲ್ದಾಣದ ಕಡೆ ಸರಿಯಿತು.

ಅಧಿಕಾರಿ ಧನ್ಯವಾದ ಹೇಳಿ, ಆದೇಶ ಆಮೇಲೆ ಬರುತ್ತದೆ ಎಂದರು. ಹೊಗಳಲಿಲ್ಲ, ತೆಗಳಲೂ ಇಲ್ಲ. ಕರೆ ಮುಗಿದ ಮೇಲೆ ಶಿವಶಂಕರಪ್ಪ ಶೀಲ್ಡ್ ಕೆಳಗಿಟ್ಟು ಮೊಣಕೈ ಉಜ್ಜಿಕೊಂಡರು.

"ನೋವಾಯ್ತಾ ಅಪ್ಪಾಜಿ?"

"ಆಗ್ದೆ ಇರುತ್ತಾ? ಎಷ್ಟು ತಿಂಗಳ ಸಿಟ್ಟು ಹಾಕಿ ಹೊಡೆದ್ಯೋ ಏನೋ."

ಉಮಾಪತಿ ಒಳಗೆ ಹೋಗಿ ನೋವಿನ ಎಣ್ಣೆ ತಂದ.

ಕಾಫಿ ಹಣ್ಣಾಗುವ ಹೊತ್ತಿಗೆ ಆದೇಶ ಬಂತು. ಕಾಲುವೆಯೊಳಗೆ ರಬ್ಬರ್ ಕೂತ ಕೀಲಿಗೆ ಪೇಟೆಂಟ್. ಹೆಸರುಗಳು ಎರಡು. ಸಿಂಚನ ಅದನ್ನು ಓದಿದಾಗ ಪವಿತ್ರಾ, "ನನ್ನ ಹೆಸರಲ್ಲಿ ಅಕ್ಷರ ಸರಿ ಇದೆಯಾ?" ಎಂದು ಮಾತ್ರ ಕೇಳಿದಳು. ಕಂಪನಿಯವರು ಫೋನಿನಲ್ಲಿ ಅಭಿನಂದನೆ ಹೇಳಿದರು. ಉಳಿದ ಭಾಗವನ್ನು ಈಗ ಯಾರು ಬೇಕಾದರೂ ಮಾಡಬಹುದಾದ್ದರಿಂದ ತಮ್ಮ ಕಾರ್ಖಾನೆಯಲ್ಲೇ ಮಾಡಿ ನೋಡುತ್ತೇವೆ ಎಂದರು. ಎಷ್ಟೋ ವಾರ ಸುದ್ದಿ ಇರಲಿಲ್ಲ. ಆಮೇಲೆ ಒಂದು ಕರಾರು ಪತ್ರ ಕಳಿಸಿದರು. ಗ್ಯಾಸ್ಕೆಟ್ ಇಲ್ಲದೆ ಕೆಲಸ ನಡೆಯಲಿಲ್ಲ ಎಂದು ಅವರು ಹೇಳಲಿಲ್ಲ. ಮೊದಲು ಆಡಿದ ಮಾತಿಗಿಂತ ತೀರಾ ಕಡಿಮೆ ಕೊಡುವುದಾಗಿ ಬರೆದಿದ್ದರು. ಹೆಂಚು ಬದಲಾಯಿಸಬಹುದಿತ್ತು. ಹೋಂಸ್ಟೇ ಬಿಡುವ ಹಾಗಿರಲಿಲ್ಲ.

ಭಾನುವಾರದ ಕೆಲಸ ಮುಗಿಸಿ ಬಂದ ಪವಿತ್ರಾಳ ಮುಂದೆ ಉಮಾಪತಿ ಕಾಗದ ಇಟ್ಟ. ಅನ್ನ, ಸಾರು ಬಡಿಸಿಯಾಗಿತ್ತು.

"ಇಬ್ಬರ ಸಹಿಯೂ ಬೇಕಂತೆ. ನಾನು ಹಾಕಿದೀನಿ. ಇಲ್ಲಿ ಹಾಕಿಬಿಡು."

"ಏನು ಬರೆದಿದೆ?"

"ಅದೇ, ಮಾಡೋಕೆ ಅವರಿಗೆ ಹಕ್ಕು ಕೊಡ್ತೀವಿ ಅಂತ. ಹಾಕು, ಸಾಕಾಗಿಹೋಗಿದೆ ಇದರದ್ದು."

"ನನಗೂ ಸಾಕಾಗಿದೆ. ಅದಕ್ಕೇ ಕೇಳ್ತಿರೋದು. ಸಿಂಚು, ಪೂರ್ತಿ ಓದಿ ಹೇಳು."

ಸಿಂಚನ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಶಿವಶಂಕರಪ್ಪ ಕನ್ನಡಕ ಹಾಕಿಕೊಂಡು ಪಕ್ಕದಿಂದ ಇಣುಕುತ್ತಿದ್ದರು. ಮೂರನೇ ಪುಟದಲ್ಲಿ ಪವಿತ್ರಾ ಕೈ ಅಡ್ಡ ಹಿಡಿದಳು.

"ಅದನ್ನ ಇನ್ನೊಂದ್ಸಲ ಹೇಳು."

"ಕಂಪನಿ ತನಗೆ ಬೇಕಾದ ಹಾಗೆ ಯಾವ ಭಾಗವನ್ನಾದ್ರೂ ಬದಲಾಯಿಸಬಹುದು, ಆಗಲೂ ಪೇಟೆಂಟಿನ ಹೆಸರು ಹಾಕ್ಕೊಬಹುದು ಅಂತ."

"ಅಂದ್ರೆ ಖರ್ಚು ಉಳಿಸೋಕೆ ಯಾವುದೋ ಕಳಪೆ ರಬ್ಬರ್ ಹಾಕಿ ನಮ್ಮ ಹೆಸರಲ್ಲೇ ಮಾರಬಹುದು. ಕಾಳಣ್ಣನಂಥೋನು ಅದನ್ನ ನಂಬ್ಕೊಂಡು ಹುಲಿ ಮುಂದೆ ಹೋಗ್ತಾನೆ."

ಉಮಾಪತಿ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಆ ಸಾಲನ್ನು ನೋಡಿದ. ತನ್ನ ಸಹಿಯನ್ನೂ ನೋಡಿದ. "ನಾನು ಇಷ್ಟು ದೂರ ಓದ್ಲಿಲ್ಲ," ಎಂದ.

"ನಾಳೆ ಪ್ರಿಯಾ ಮೇಡಂಗೆ ಹೇಳಿ ಇದನ್ನ ತೆಗೆಸಿ. ತೆಗೆಯಲ್ಲ ಅಂದ್ರೆ ನನ್ನ ಸಹಿ ಇಲ್ಲ."

"ಅವರು ಬೇಡ ಅಂದುಬಿಟ್ರೆ?"

"ಬೇಡ ಅನ್ನಲಿ," ಎಂದಳು ಪವಿತ್ರಾ. "ಶನಿವಾರ ಮತ್ತೆ ರೊಟ್ಟಿ ತಟ್ಟೋಕೆ ಹೋಗ್ತೀನಿ."

ಅವಳು ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಅನ್ನ ಆರಿ ಗಟ್ಟಿಯಾಗಿತ್ತು, ಸಾರಿನ ಮೇಲೆ ಎಣ್ಣೆ ಕಟ್ಟಿತ್ತು. ಅವಳು ಏಳಲು ಹೊರಟಾಗ ಶಿವಶಂಕರಪ್ಪ ಅವಳ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಒಲೆ ಹಚ್ಚಿದರು.